ಅಳು ಬಾರದ ಅಕ್ಕ

ಔಷಧಿ ಅಂಗಡಿಯ ಸಾಲಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹುಡುಗಿ ನಿಂತಿದ್ದಳು. ಅವಳ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ಹುಡುಗಿ ನೆಲ ನೋಡುತ್ತಿದ್ದರೂ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಅಮ್ಮ ಹೋಗಿ ವಾರ ಆಯ್ತು, ನಂಗೆ ಒಂದು ಹನಿ ಕಣ್ಣೀರು ಬಂದಿಲ್ಲ ಕಣೋ.”

“ಖಿನ್ನತೆಗೆ ಕೊಡೋ ಈ ಮಾತ್ರೆ ತಗೊಂಡ್ರೆ ಕೆಲವರಿಗೆ ಹಾಗಾಗುತ್ತಂತೆ, ಅಕ್ಕ.”

“ಮಿದುಳಲ್ಲಿ ಏನೋ ಏರುಪೇರಾಗಿದೆ, ಸರಿಮಾಡ್ತೀವಿ ಅಂದ್ರು ಡಾಕ್ಟ್ರು. ಅಳುವಿನ ನಲ್ಲೀನೂ ಬಂದ್ ಮಾಡಿಬಿಟ್ರು ನೋಡು. ಸ್ವಲ್ಪ ದಿನ ಮಾತ್ರೆ ಬಿಡ್ತೀನಿ. ಅಮ್ಮನಿಗೋಸ್ಕರ ಅತ್ತು, ಮತ್ತೆ ಶುರು ಮಾಡ್ತೀನಿ.”

“ಹೋದ ಸಲ ನೀನು ಬಿಟ್ಟಾಗ, ಬಾಗಿಲು ಒಡೆದು ಆಸ್ಪತ್ರೆಗೆ ಹೊತ್ಕೊಂಡು ಓಡಿದವನು ನಾನು.”



“ಹಾಗಾದ್ರೆ ನನ್ನ ಪಾಲಿಂದೂ ನೀನೇ ಅತ್ತುಬಿಡು.”

“ನಾನೆಲ್ಲಿ ಅಳ್ಲಿ? ನಿನ್ನ ಕಾಯೋದ್ರಲ್ಲೇ ಆಯ್ತಲ್ಲ.”

ಅಂಗಡಿಯವನು ಮಾತ್ರೆಯ ಪೊಟ್ಟಣ ಚಾಚಿದ. ಅಕ್ಕ ಕೈ ನೀಡಿದಳು. ತಮ್ಮ ಅದನ್ನು ತನ್ನ ಜೇಬಿಗೇ ಹಾಕಿಕೊಂಡ. ಇಬ್ಬರೂ ಮೆಟ್ಟಿಲಿಳಿದು ಹೋದರು.