ಅಲ್ಲಾಡೋ ಮೇಜು

…ಅದನ್ನೇ ಹೇಳ್ತಾ ಇದ್ದೆ ಭಾವ, ಬಸ್ ನಿಲ್ದಾಣದ ಮೈಕಿನ ಮುಂದೆ ಕೂತಾಗಿನಿಂದ ಈವತ್ತಿನವರೆಗೆ ಒಂದೇ ಒಂದು ಬಸ್ಸನ್ನೂ ತಪ್ಪಾಗಿ ಕೂಗಿದವನಲ್ಲ ನಾನು! ಒಂದೇ ಒಂದು! ಬೇಕಾದ್ರೆ ಯಾವ ಡ್ರೈವರನ್ನಾದ್ರೂ ಕೇಳು… ಯಾಕೆ ನಗ್ತೀಯ? ಸರಿ, ಸರಿ, ಸುಳ್ಳು. ಅಪ್ಪಟ ಸುಳ್ಳು. ಬ್ಯಾಂಡ್‌ನವರ ಕಥೆ ನಿನಗೂ ಗೊತ್ತು ಅನ್ನೋದೇ ಮರೆತುಹೋಗಿತ್ತು. ಏನೋ ಯೋಚನೆಯಲ್ಲಿ ಒಂದು ಊರಿನ ಬಸ್ಸಿಗೆ ಇನ್ನೊಂದು ಊರಿನ ಹೆಸರು ಕೂಗಿಬಿಟ್ಟೆ. ಪಾಪ, ಡೋಲು, ಕಹಳೆ ಎಲ್ಲಾ ಹೊತ್ತುಕೊಂಡು ಹತ್ತಿಬಿಟ್ರು. ಇಳಿದು ನೋಡಿದ್ರೆ ಮದುವೆಯೂ ಇಲ್ಲ, ಮದುಮಗನೂ ಇಲ್ಲ! ಯಾವನೋ ಹೊಸದಾಗಿ ಅಂಗಡಿ ತೆಗೀತಾ ಇದ್ದನಂತೆ, ಬಂದದ್ದು ಬಂದಾಯ್ತು ಅಂತ ಅವನ ಮುಂದೆ ನುಡಿಸಿ ಬಂದ್ರು. ಆ ಅಂಗಡಿಯವನು ಸಿಕ್ಕಾಗೆಲ್ಲ ನನಗೆ ಸಲಾಮು ಹೊಡೀತಾನೆ… ಅದೂ ಸುಳ್ಳು, ಬಿಡು. ಬ್ಯಾಂಡ್‌ನವರು ಸಿಕ್ಕಾಗೆಲ್ಲ ಬೈತಾರೆ, ಅದು ನಿಜ.

ಕುಡಿ, ಕುಡಿ. ಚಹಾ ಆರಿಹೋಗುತ್ತೆ. ಲೋಟ ಯಾಕೆ ಹಾಗೆ ಒತ್ತಿ ಹಿಡ್ಕೊಂಡೆ? ಓ, ಚೆಲ್ತಾ ಇದೆಯಾ… ಈ ಹೋಟೆಲಿನ ಮೇಜೇ ಹೀಗೆ. ಒಂದು ಕಾಲು ಗಿಡ್ಡ ಇರಬೇಕು. ತಗಡಿನದು ನೋಡು, ಉಸಿರಾಡಿದ್ರೂ ಗಡಗಡ ಅನ್ನುತ್ತೆ. ಹೋಗುವಾಗ ಮಾಲೀಕನಿಗೆ ಹೇಳ್ತೀನಿ.

ಹೂಂ, ಗೊತ್ತು, ಗೊತ್ತು. ನಿನ್ನ ತಂಗಿ ಕಳಿಸಿದ್ದಾಳೆ. ಎದುರು ಕಟ್ಟಡದ ಮಹಡಿ ಮೇಲೆ ಮಕ್ಕಳ ಡಾಕ್ಟರಮ್ಮನ ಮುಂದೆ ಅವಳೂ ಮಗಳೂ ಕೂತಿದ್ದಾರೆ. 'ಅಣ್ಣಾ, ಇವರು ಫೋನ್ ಬಂತು ಅಂತ ಎದ್ದು ಹೋದೋರು ಬರಲೇ ಇಲ್ಲ, ಎಲ್ಲಿದ್ರೂ ಹಿಡ್ಕೊಂಡು ಬಾ.' ಅಷ್ಟೇ ತಾನೇ? ಬರ್ತೀನಪ್ಪಾ, ಬರ್ತೀನಿ. ನಿಲ್ದಾಣದಿಂದ ಫೋನು, ಏನ್ ಮಾಡೋದು! ಮೈಕು ಕೆಟ್ಟಿದೆಯಂತೆ. ನಾನಿಲ್ಲದೇ ಹೋದ್ರೆ ಅಲ್ಲಿ ಒಂದು ಬಸ್ಸೂ ಅಲ್ಲಾಡಲ್ಲ…

ಅಷ್ಟರಲ್ಲಿ ಇದನ್ನ ಕೇಳು. ಹೊರಗೆ ಕಾಯ್ತಾ ಕೂತಿದ್ವಲ್ಲ, ಅಲ್ಲಿ ಬಂದಿದ್ದ ಅಪ್ಪ ಅಮ್ಮಂದಿರು ತಮ್ಮ ಮಗು ಯಾಕೆ ಒಂದು ಕಡೆ ಕೂರಲ್ಲ ಅನ್ನೋದಕ್ಕೆ ಒಬ್ಬೊಬ್ಬರೂ ಒಂದೊಂದು ಕಾರಣ ಕಂಕುಳಲ್ಲಿ ಇಟ್ಕೊಂಡೇ ಬಂದಿದ್ದಾರೆ! ಒಬ್ಬಳು, 'ನಮ್ಮವನಿಗೆ ಮಿಠಾಯಿ ಜಾಸ್ತಿ ಆಯ್ತು' ಅಂತಾಳೆ. ಕನ್ನಡಕದವನೊಬ್ಬ, 'ಮೊಬೈಲ್ ರೀ, ಎಲ್ಲಾ ಈ ಮೊಬೈಲಿಂದ!' ಅಂತಾನೆ, ಅನ್ನುವಾಗ್ಲೂ ಕಣ್ಣು ಮೊಬೈಲಲ್ಲೇ. ಇನ್ನೊಬ್ಬಳಿಗೆ ಮಗು ಮಂಚದಿಂದ ಬಿದ್ದದ್ದರ ಅನುಮಾನ. ಅವಳ ಅತ್ತೆಗೋ, ಸೊಸೆ ಹಾಲು ಬೇಗ ಬಿಡಿಸಿದಳು ಅನ್ನೋದು ಖಾತ್ರಿ. ನನ್ನ ಕೈಲಿ ಸುಮ್ನಿರೋಕೆ ಆಗುತ್ತಾ? ಮುಖ ಗಂಭೀರ ಮಾಡ್ಕೊಂಡು, ಮೈಕಿನ ದನಿ ತೆಗೆದು ಅಂದೆ: 'ಇತ್ತೀಚೆಗೆ ಕಾಲುಚೀಲ ಅಂತ ಹೇಳ್ತಾ ಇದ್ದಾರೆ. ಎಲಾಸ್ಟಿಕ್ ಬಿಗಿಯಾದ್ರೆ ರಕ್ತವೆಲ್ಲ ತಲೆಗೇ ಏರುತ್ತಂತೆ.' ಅಷ್ಟೇ! ನಿನ್ನಾಣೆ, ಅಷ್ಟೇ ಅಂದದ್ದು! ಸ್ವಲ್ಪ ಹೊತ್ತು ಬಿಟ್ಟು ನೋಡ್ತೀನಿ, ಅಲ್ಲಿದ್ದ ಮಕ್ಕಳೆಲ್ಲ ಬರಿಗಾಲಲ್ಲಿ! ಆ ಅತ್ತೆ ಸೊಸೆಗೆ ಹೇಳ್ತಾ ಇದ್ದಾಳೆ, 'ಸಾಕ್ಸ್ ಬೇಡ ಅಂತ ನಾನು ಅವತ್ತೇ ಬಡ್ಕೊಂಡಿರಲಿಲ್ವಾ?' ಹಹ್ಹಹ್ಹಾ! … ಏನು, ನಗು ಬರಲಿಲ್ವಾ? ಮುಂಚೆ ಆಗಿದ್ರೆ ಬೆಂಚಿನಿಂದ ಬಿದ್ದು ನಗ್ತಿದ್ದೆ ನೀನು.

ಇದಕ್ಕಾದ್ರೂ ನಗ್ತೀಯೋ ನೋಡೋಣ. ಒಳಗೆ ಕರೆದ್ರು. ನಮ್ಮ ಬುಗುರಿ… ಮಗಳಿಗೆ ಬುಗುರಿ ಅಂತ ಹೆಸರಿಟ್ಟವನು ನೀನೇ ತಾನೇ, ಸೋದರಮಾವ ಅನ್ನೋ ದರ್ಪದಲ್ಲಿ… ಬುಗುರಿ ಕುರ್ಚಿ ಹತ್ತಿದಳು, ಇಳಿದಳು, ತೂಕದ ಯಂತ್ರದ ಮೇಲೆ ಒಂಟಿ ಕಾಲಲ್ಲಿ ನಿಂತಳು, ಕಿಟಕಿ ಪರದೆಯೊಳಗೆ ಹೊಕ್ಕಳು. ಡಾಕ್ಟರಮ್ಮ ನಮಗೆ ಮೆಲ್ಲಗೆ ಹೇಳಿದ್ರು, 'ಇದನ್ನ ಗಮನದ ಕೊರತೆ ಅಂತೀವಿ.' ಪರದೆಯೊಳಗಿಂದ ದನಿ ಬಂತು: 'ಗಮನ ಅಂದ್ರೆ ಹೋಗೋದು ಆಂಟಿ! ಅಪ್ಪನ ಬಸ್ ಸ್ಟ್ಯಾಂಡಲ್ಲಿ ದೊಡ್ಡದಾಗಿ ಬರ್ದಿದೆ, ಆಗಮನ, ನಿರ್ಗಮನ ಅಂತ. ನಂಗೆಲ್ಲಿ ಕೊರತೆ? ಜಾಸ್ತಿನೇ ಇದೆ!' ಡಾಕ್ಟರಮ್ಮ ನಗ್ತಾ ನಗ್ತಾ ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು. ದಿನವಿಡೀ 'ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ' ಅಂತ ಊರಿಗೆಲ್ಲ ಗಮನ ಹಂಚೋನು ನಾನು, ನನಗೇ ಹೊಳೆದಿರಲಿಲ್ಲ ನೋಡು! ಎಂಥ ತಲೆ! ಯಾರ ಮಗಳು ಅವಳು!

…ಮಾತಿಗೆ ಅಂದೆ. ಯಾರ ಮಗಳು ಅಂತ ಮಾತಿಗೆ ಅಂದದ್ದು. ಹಾಗೇನು ನೋಡ್ತೀಯ.

ಆಮೇಲಾ? ಆಮೇಲೇನಿಲ್ಲ. ಡಾಕ್ಟರಮ್ಮ ಕೇಳಿದ್ರು, 'ನಿಮಗೆ ಏನನ್ನಿಸುತ್ತೆ, ಯಾಕೆ ಹೀಗಾಗಿದೆ ಅಂತ?' ನಿನ್ನ ತಂಗಿ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. 'ನನ್ನಿಂದಲೇ' ಅಂದಳು. 'ಬಸುರಿಯಾಗಿದ್ದಾಗ ಹೊಲಿಗೆ ಮಷಿನ್ ತುಳಿದೆ. ಹೆರಿಗೆ ಹಿಂದಿನ ದಿನದವರೆಗೂ ತುಳಿದೆ. ಅದೇ ಮಗು ಕಾಲಿಗೆ ಹತ್ತಿಬಿಡ್ತು.' ಅಂದು ಅತ್ತುಬಿಟ್ಟಳು. ಬುಗುರಿ ಪರದೆಯಿಂದ ಹೊರಗೆ ಬಂದು ನಿಂತ್ಲು. ಅಲ್ಲಾಡದೆ ನಿಂತ್ಲು ಕಣೋ, ಮೊದಲನೇ ಸಲ.

ಹೌದು, ಮಷಿನ್ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾಳೆ. ಶಾಲೆಯಿಂದ ದೂರು ಬಂದಾಗಿನಿಂದ ಮುಟ್ಟಿಲ್ಲ. ಅರ್ಧ ಬೀದಿಯ ಬಟ್ಟೆ ಅವಳ ಕೈಯಲ್ಲಿ ಹೊಲಿಗೆ ಆಗ್ತಿತ್ತು… ಅದೆಲ್ಲ ನಿನಗೆ ಗೊತ್ತಿರೋದೇ. ನಮ್ಮಮ್ಮನ ಬಾಯಿ ನೋಡು! 'ತುಳಿದೂ ತುಳಿದೂ ಮಗೂನ ಹೀಗೆ ಮಾಡಿಟ್ಟಳು' ಅಂತ ಬಂದವರ ಹತ್ರವೆಲ್ಲ. ಅಮ್ಮನಿಗೆ ಯಾರು ಹೇಳಿದ್ರು ಅಂತೀಯಾ? ನನಗೇನು ಗೊತ್ತು! ಎಲ್ಲೋ ಕೇಳಿರ್ತಾಳೆ. ಹಳೇ ಕಾಲದವಳು…

…ಓ. ನೀನೂ ಇದ್ದೆ ಅಲ್ವಾ ಅವತ್ತು ಹೆರಿಗೆ ವಾರ್ಡಲ್ಲಿ. ಮಗು ನಿನ್ನ ಕೈಯಲ್ಲೇ ಇತ್ತು. ಕಾಲು ಬಡೀತಾ ಇತ್ತು.

ತಮಾಷೆಗೆ ಅಂದದ್ದು ಕಣೋ! 'ನೋಡಮ್ಮಾ, ಹೊಟ್ಟೆಯೊಳಗಿಂದಲೇ ಮಷಿನ್ ತುಳಿಯೋದು ಕಲಿತು ಬಂದಿದ್ದಾಳೆ!' ಎಲ್ಲರೂ ನಕ್ಕರು! ನರ್ಸ್ ನಕ್ಕಳು! ನೀನೂ ನಕ್ಕೆ! ಅಮ್ಮ ಒಬ್ಬಳು ನಗಲಿಲ್ಲ… ಆ ಕಾಲುಚೀಲದ ಅತ್ತೆ ಥರ, ಮುಖ ಗಂಭೀರ ಮಾಡ್ಕೊಂಡು… ಆಮೇಲೆ ಅಮ್ಮ ಅದನ್ನೇ ಸೊಸೆಗೆ ಅಂದಾಗ, 'ಅದು ನನ್ನ ಜೋಕು' ಅನ್ನಬಹುದಿತ್ತು. ಅನ್ನೋಣ ಅಂತಲೇ ಇದ್ದೆ. ಅಷ್ಟರಲ್ಲಿ ಇನ್ನೇನೋ ನೆನಪಾಗಿ… ನನ್ನ ವಿಷಯ ನಿನಗೆ ಗೊತ್ತಲ್ಲ.

ಡಾಕ್ಟರಮ್ಮ ಒಳ್ಳೆಯವರು. 'ಮಷಿನ್‌ಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಅಳಬೇಡಿ' ಅಂದ್ರು. 'ಹೆಚ್ಚಾಗಿ ಇದು ಮನೆತನದಲ್ಲೇ ಹರಿದು ಬರೋದು' ಅಂದ್ರು. ನಿನ್ನ ತಂಗಿ ನಂಬಲಿಲ್ಲ. ಆಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, 'ನೀವು ಚಿಕ್ಕವರಿದ್ದಾಗ ಹೇಗಿದ್ರಿ?' ಅಂತ.

ನಾನಾ? ಕಲ್ಲುಕಂಬ ಅಂದೆ. ಕೂರಿಸಿದಲ್ಲಿ ಕೂರ್ತಿದ್ದೆ ಅಂದೆ. ನಿನ್ನ ತಂಗಿಗೇನು ಗೊತ್ತು, ನಾವು ಶಾಲೇಲಿದ್ದಾಗ ಅವಳಿನ್ನೂ ತೊಟ್ಟಿಲಲ್ಲಿ. ಬುಗುರಿ ಮಾತ್ರ ನನ್ನನ್ನೇ ನೋಡ್ತಾ ಇದ್ದಳು, 'ಅಪ್ಪಾ, ನೀನು ನನ್ ಥರ ಇರಲಿಲ್ವಾ?' ಅಂತ. ಅಷ್ಟರಲ್ಲಿ ಫೋನು…

ಫೋನನ್ನ ಯಾಕೆ ತಿರುಗಿಸಿ ನೋಡ್ತೀಯ? ಹೂಂ, ಆಫ್ ಆಗಿದೆ. ಈಗ ತಾನೇ… ಬೆಳಗ್ಗೆಯಿಂದ ಆಫ್. ಸಾಕಾ?

ಏನಾದ್ರೂ ಅನ್ನೋ! ಬೈ! 'ಪಾದರಸ' ಅಂತಲಾದ್ರೂ ಕೂಗು, ಶಾಲೆಗೆಲ್ಲ ಹಾಗೇ ಗೊತ್ತಿದ್ದೆ ನಾನು. ಮೇಷ್ಟ್ರು ನನ್ನ ಅಂಗಿಯ ತುದಿಯನ್ನ ಬೆಂಚಿಗೆ ಕಟ್ಟಿಹಾಕ್ತಿದ್ರು. ಬಿಡುವಿನ ಗಂಟೆ ಹೊಡೆದ ಮೇಲೆ ಗಂಟು ಬಿಚ್ಚೋನು ನೀನು. ಒಂದು ದಿನವೂ ನಗಲಿಲ್ಲ ನೀನು, ಬಿಚ್ಚುವಾಗ. ಅದನ್ನ ಆ ಹುಡುಗಿ ಮುಂದೆ ಹೇಳಬೇಕಾ? 'ನನ್ನ ಹಾಗೇ ನೀನು' ಅಂದ್ರೆ ಅವಳಿಗೆ ಏನು ಕೊಟ್ಟ ಹಾಗಾಯ್ತು ಹೇಳು? ಆ ಗಂಟನ್ನೇ ತಾನೇ?

…ಏನು ಬಗ್ಗಿ ನೋಡ್ತಾ ಇದ್ದೀಯ? ಮೇಜಿನ ಕಾಲಾ? ಹೇಳಿದ್ನಲ್ಲ, ಒಂದು ಗಿಡ್ಡ ಅಂತ. ತಾಳು, ನಾನೂ ನೋಡ್ತೀನಿ…

ಬೋಲ್ಟು.

ನಾಲ್ಕು ಕಾಲಿಗೂ ಬೋಲ್ಟು. ನೆಲಕ್ಕೇ ಬಿಗಿದಿದ್ದಾರೆ.

…ಈಗ ನೋಡು. ಎರಡೂ ಕೈಯಲ್ಲಿ ಮೊಣಕಾಲು ಅದುಮಿ ಹಿಡ್ಕೊಂಡಿದ್ದೀನಿ. ಚಹಾ ನಿಂತಿತು. ಕನ್ನಡಿ ಥರ ನಿಂತಿತು… ಹಾಂ, ಹೋಯ್ತು. ಮತ್ತೆ ಶುರು.

ಸರಿ. ಏಳು. ಕೈ ಬಿಡೋ, ಓಡಿಹೋಗಲ್ಲ. ಮೇಲೆ ಬಂದು ಹೇಳ್ತೀನಿ. ಮಷಿನ್ ಜೋಕೂ ಹೇಳ್ತೀನಿ, ಪಾದರಸವನ್ನೂ ಹೇಳ್ತೀನಿ, ನಿನ್ನ ತಂಗಿಗೂ ಕೇಳೋ ಹಾಗೆ, ಬುಗುರಿಗೂ ಕೇಳೋ ಹಾಗೆ. ಕೂತು ಹೇಳೋಕಾಗದಿದ್ರೆ ನಿಂತು ಹೇಳ್ತೀನಿ, ಪರದೆಯೊಳಗೆ ನಿಂತಾದ್ರೂ ಹೇಳ್ತೀನಿ. ಗಂಟು ಬಿಚ್ಚೋನು ಒಬ್ಬ ಇದ್ದ ಅನ್ನೋದನ್ನೂ ಹೇಳ್ತೀನಿ, ಬಾ.

ಚಹಾದ ದುಡ್ಡು ನೀನೇ ಕೊಟ್ಟುಬಿಡು ಭಾವ. ಪರ್ಸು ಮೇಲೇ ಮರೆತು ಬಂದೆ… ಸರಿ, ಜೇಬಲ್ಲೇ ಇದೆ. ಆದ್ರೂ ನೀನೇ ಕೊಡು. ಚಿಲ್ಲರೆಗೆ ಅಂತ ಒಂದು ನಿಮಿಷ ಇಲ್ಲಿ ನಿಂತ್ರೆ, ನಾನು ಇನ್ನೆಲ್ಲಿಗೋ ಹೊರಟುಬಿಡ್ತೀನಿ.