ಗ್ರಂಥಾಲಯ, ಹೇಳಿ

ಸಭೆಯ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಗ್ರಂಥಾಲಯ ಸಮಿತಿಯ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲನ್ನು ಖಾಲಿ ಬಿಟ್ಟು ಹಿಂದೆ ಇಕ್ಕಟ್ಟಾಗಿ ಕುಳಿತಿರುವ ಪ್ರೀತಿಯ ಸಭಿಕರೇ,

ಇಷ್ಟು ಹೊತ್ತು ಇಲ್ಲಿ ಆಡಿದ ಹೊಗಳಿಕೆಯ ಮಾತುಗಳನ್ನು ಕೇಳುತ್ತ ಕುಳಿತಿದ್ದೆ. ಇವರೆಲ್ಲ ಯಾರ ವಿಷಯ ಹೇಳುತ್ತಿದ್ದಾರೆ ಎಂದು ಒಂದೆರಡು ಸಲ ಪಕ್ಕಕ್ಕೆ ತಿರುಗಿಯೂ ನೋಡಿದೆ. ಪಕ್ಕದಲ್ಲಿ ನೀರಿನ ಬಾಟಲಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಈಗ ನನ್ನ ಕೈಗೆ ಕೊಟ್ಟಿರುವ ಫಲಕದ ಮೇಲೆ, ‘ಕ್ಯೂಆರ್ ಕೋಡ್‌ಗಳ ಮೂಲಕ ಓದುಗರನ್ನು ಸೇವೆಗಳಿಗೆ ಹತ್ತಿರವಾಗಿಸಿದ ಗ್ರಂಥಪಾಲಕಿಗೆ’ ಎಂದು ಕೊರೆದಿದ್ದಾರೆ. ಗ್ರಂಥಪಾಲಕಿ ನಾನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹತ್ತಿರವಾಗಿಸಿದ್ದು ನಾನೇ ಹೌದೇ? ಯಾರನ್ನು ಯಾರಿಗೆ ಹತ್ತಿರವಾಗಿಸಿದೆ? ನನಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಆದದ್ದನ್ನು ಹೇಳಿಬಿಡುತ್ತೇನೆ, ನೀವೇ ನೋಡಿ.

ಆ ಕಪ್ಪು ಬಿಳುಪಿನ ಚೌಕಗಳನ್ನು ನೀವೆಲ್ಲ ಕಂಡಿದ್ದೀರಿ. ಬಾಗಿಲ ಹತ್ತಿರದ್ದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಪುಸ್ತಕದ ಅವಧಿಯನ್ನು ಮುಂದಕ್ಕೆ ಹಾಕಿಕೊಳ್ಳಬಹುದು. ಮೇಜಿನ ಮೇಲಿನದರಿಂದ ನಾಳೆಗೆ ಜಾಗ ಹಿಡಿದಿಡಬಹುದು. ಮೆಟ್ಟಿಲ ಪಕ್ಕದಲ್ಲಿ ಇನ್ನೊಂದು ಇದೆ: ‘ಸಹಾಯ ಬೇಕೇ? ಸ್ಕ್ಯಾನ್ ಮಾಡಿ, ಮಾತಾಡಿ.’ ಅದನ್ನು ಸ್ಕ್ಯಾನ್ ಮಾಡಿದರೆ ನಂಬರು ಬರುತ್ತದೆ, ಒತ್ತಿದರೆ ಫೋನ್ ಹೋಗುತ್ತದೆ. ಎಲ್ಲಿಗೆ? ಸಹಾಯ ವಿಭಾಗಕ್ಕೆ ಹೋಗಬೇಕಿತ್ತು. ಆದರೆ ಸಹಾಯ ವಿಭಾಗಕ್ಕೆ ಆಗಿನ್ನೂ ಫೋನೇ ಬಂದಿರಲಿಲ್ಲ. ನಮ್ಮ ಕಂಪ್ಯೂಟರ್ ವಿಭಾಗದ ಹುಡುಗಿ, ಪರೀಕ್ಷೆ ಮಾಡಿ ನೋಡಲು ಯಾವುದಾದರೂ ನಂಬರು ಕೊಡಿ ಮೇಡಂ ಎಂದಾಗ ನಮ್ಮ ಮನೆಯ ಫೋನಿನ ನಂಬರು ಕೊಟ್ಟಿದ್ದೆ. ಮುದ್ರಣದವರು ಪರೀಕ್ಷೆಯ ಹಾಳೆಯನ್ನೂ ಉಳಿದವುಗಳ ಜೊತೆ ಅಚ್ಚು ಹಾಕಿ ತಂದರು. ನಾವು ಸಂತೋಷವಾಗಿ ಮೆಟ್ಟಿಲ ಪಕ್ಕದಲ್ಲೂ ಇನ್ನೂ ನಾಲ್ಕಾರು ಕಡೆಯೂ ಅಂಟಿಸಿದೆವು.

ಇಲ್ಲಿ ನಮ್ಮ ಮನೆಯವರ ವಿಷಯ ಸ್ವಲ್ಪ ಹೇಳಬೇಕು. ಭಾಷಣಕ್ಕೆ ಎಷ್ಟು ಬೇಕೋ ಅಷ್ಟೇ ಹೇಳುತ್ತೇನೆ.

ಅವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ವಿವರ ಹೇಳುತ್ತಿದ್ದವರು. ಇಂಥ ಊರಿಗೆ ಹೋಗುವ ಬಸ್ಸು ಇಂಥ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ ಎಂದು ಅವರು ಹೇಳಿದರೆ, ಆ ಊರಿನಲ್ಲಿ ಕೆಲಸವಿಲ್ಲದವರಿಗೂ ಹೋಗಿ ಬರೋಣ ಅನ್ನಿಸುತ್ತಿತ್ತು. ಅಂಥ ದನಿ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತಿಗೆ, ನಿನ್ನನ್ನು ಊಟಕ್ಕೆ ಕರೆಯುವಾಗಲೂ ಪ್ಲಾಟ್‌ಫಾರ್ಮ್ ನಂಬರು ಹೇಳ್ತಾನಾ ಎಂದು ನಗುತ್ತಿದ್ದರು.

ಒಂದು ದಿನ ಕಚೇರಿಯವರು ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಎಲ್ಲ ಊರುಗಳ ಹೆಸರು, ಎಲ್ಲ ಅಂಕಿಗಳು, ‘ಹೊರಡಲಿದೆ’, ‘ತಡವಾಗಿದೆ’, ‘ದಯವಿಟ್ಟು ಗಮನಿಸಿ’, ಹೀಗೆ ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಿಸಿ ಧ್ವನಿಮುದ್ರಣ ಮಾಡಿಕೊಂಡರು. ಇವರಿಗೆ ಹಿಗ್ಗೋ ಹಿಗ್ಗು. ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಹೋಗುತ್ತಿದ್ದರು. ಎಲ್ಲ ಮುಗಿದ ಮೇಲೆ ಯಂತ್ರ ಆ ತುಂಡುಗಳನ್ನು ತಾನೇ ಜೋಡಿಸಿಕೊಂಡು ಹೇಳತೊಡಗಿತು. ಕಚೇರಿಯವರು ಬಹಳ ಮರ್ಯಾದೆಯಿಂದಲೇ, ಇನ್ನು ನೀವು ಬರಬೇಕಾಗಿಲ್ಲ ಎಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಅವರ ಮಾತು ಕಡಿಮೆಯಾಗುತ್ತ ಬಂತು. ಮೊದಲು ‘ಹೂಂ’, ‘ಉಹೂಂ’ ಉಳಿಯಿತು. ಆಮೇಲೆ ತಲೆಯಾಡಿಸುವುದು. ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆ. ಗಂಟಲು ಚೆನ್ನಾಗಿದೆ ಎಂದರು. ಅದು ನನಗೂ ಗೊತ್ತಿತ್ತು. ಏಕೆಂದರೆ ನಿಲ್ದಾಣದಲ್ಲಿ ಅದೇ ಗಂಟಲು ದಿನವಿಡೀ ಮಾತಾಡುತ್ತಿತ್ತಲ್ಲ! ನಾನು ಕೆಲಸ ಮುಗಿಸಿ ಮನೆಗೆ ಹೋಗುವಾಗ ನಿಲ್ದಾಣದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದೆ. ಒಮ್ಮೆ ಕಾವಲಿನವನು ಬಂದು, “ಯಾವ ಬಸ್ಸಿಗೆ ಕಾಯ್ತಿದೀರಮ್ಮಾ?” ಎಂದ. ಬಾಯಿಗೆ ಬಂದ ಊರಿನ ಹೆಸರು ಹೇಳಿದೆ. ಅದು ಹೊರಟುಹೋಯಿತಲ್ಲಮ್ಮಾ ಎಂದು ಅವನೇ ಬೇಸರಪಟ್ಟುಕೊಂಡ.

ಕ್ಷಮಿಸಿ, ಇದನ್ನು ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಕೋಡಿನ ವಿಷಯಕ್ಕೆ ಬರುತ್ತೇನೆ.

ಕೋಡು ಅಂಟಿಸಿ ಕೆಲವು ದಿನಗಳಾಗಿದ್ದವು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವ ನಮ್ಮ ಓದುಗರಾದ ನರ್ಸಮ್ಮ ಕೌಂಟರಿಗೆ ಬಂದು, ನಿಮ್ಮ ಫೋನಿನಲ್ಲಿ ಮಾತಾಡುವವರು ಎಷ್ಟು ಸಮಾಧಾನವಾಗಿ ಹೇಳುತ್ತಾರೆ ಎಂದು ಮೆಚ್ಚಿಕೊಂಡರು. ನಮಗೆ ಇನ್ನೂ ಫೋನೇ ಬಂದಿಲ್ಲವಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೆಟ್ಟಿಲ ಹತ್ತಿರ ಹೋಗಿ ನಾನೇ ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ನಮ್ಮ ಮನೆಯ ನಂಬರು ಬಂತು. ಕರೆ ಮಾಡುವ ಧೈರ್ಯ ಬರಲಿಲ್ಲ. ಮನೆಗೆ ಹೋಗಿ, ಇವತ್ತು ಯಾರದಾದರೂ ಫೋನ್ ಬಂದಿತ್ತೇ ಎಂದು ಕೇಳಿದೆ. ತಲೆಯಾಡಿಸಿದರು, ಇಲ್ಲ ಎನ್ನುವಂತೆ.

ಮರುದಿನ ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಮನೆಗೆ ಹೋದೆ. ಬಾಗಿಲು ತಟ್ಟಲು ಕೈ ಎತ್ತಿದವಳು ಹಾಗೆಯೇ ನಿಂತೆ. ಒಳಗೆ ಅವರು ಮಾತಾಡುತ್ತಿದ್ದರು. ತುಂಡುತುಂಡು ಜೋಡಿಸಿದ ಮಾತಲ್ಲ. ಉಸಿರು ತೆಗೆದುಕೊಂಡು, ನಡುವೆ ಸಣ್ಣಗೆ ನಕ್ಕು ಆಡುವ ಮಾತು. “ಮೇಲಿನ ಮಹಡಿಗೆ ಹೋಗಿ. ಕಿಟಕಿ ಪಕ್ಕ ಕೂರಬೇಡಿ, ಅಲ್ಲಿ ಫ್ಯಾನು ಕಿರುಗುಟ್ಟುತ್ತೆ. ಮೂಲೆ ಮೇಜು ಒಳ್ಳೇದು. ಅಲ್ಲಿ ಒಬ್ಬರು ವಕೀಲರು ನಿದ್ದೆ ಮಾಡ್ತಿರ್ತಾರೆ, ಎಬ್ಬಿಸಬೇಡಿ,” ಎನ್ನುತ್ತಿದ್ದರು.

ನಮ್ಮ ಮನೆಯವರು ಈ ಗ್ರಂಥಾಲಯದ ಒಳಗೆ ಕಾಲಿಟ್ಟವರೇ ಅಲ್ಲ. ಆ ಫ್ಯಾನು, ಆ ಮೂಲೆ, ಆ ವಕೀಲರು (ಸಭೆಯಲ್ಲಿದ್ದರೆ ಕ್ಷಮಿಸಬೇಕು), ಇವೆಲ್ಲ ಅವರಿಗೆ ಹೇಗೆ ಗೊತ್ತು? ನಾನು ಹೇಳಿದ್ದೇ. ಊಟಕ್ಕೆ ಕುಳಿತಾಗ ಎದುರಿಗೆ ಮಾತಿಲ್ಲವಲ್ಲ, ತಟ್ಟೆಯ ಸದ್ದೊಂದೇ ಕೇಳಬಾರದೆಂದು ದಿನವೂ ನಾನೊಬ್ಬಳೇ ಇಲ್ಲಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಗೋಡೆಗೆ ಹೇಳಿದಂತೆ ಎಂದುಕೊಂಡಿದ್ದೆ. ಒಂದೂ ಬಿಡದೆ ಕೇಳಿಸಿಕೊಂಡಿದ್ದರು!

ಸಭಿಕರೇ, ಆಗ ನನಗೆ ಸಂತೋಷವಾಗಬೇಕಿತ್ತೋ, ಸಿಟ್ಟು ಬರಬೇಕಿತ್ತೋ? ಎರಡೂ ಬಂದವು. ಗುರುತು ಪರಿಚಯವಿಲ್ಲದವರ ಜೊತೆ ಇಷ್ಟು ಮಾತು, ನನ್ನ ಜೊತೆ ಒಂದು ‘ಹೂಂ’ಗೂ ಬರ? ಒಳಗೆ ಹೋಗಲಾಗಲಿಲ್ಲ. ಒಳಗೆ ಹೋದರೆ ಮಾತು ನಿಂತುಬಿಡುತ್ತದೆ ಎಂದು ಹೆದರಿ ಬೀದಿಯಲ್ಲಿ ಸುಮ್ಮನೆ ಸುತ್ತು ಹಾಕಿದೆ. ನನ್ನ ಮನೆಗೆ ನಾನೇ ಕಳ್ಳಿಯ ಹಾಗೆ.

ಅಷ್ಟರಲ್ಲಿ ಸಹಾಯ ವಿಭಾಗಕ್ಕೆ ನಿಜವಾದ ಫೋನು ಬಂತು, ಹೊಸ ಕೋಡುಗಳೂ ಬಂದವು. ತಪ್ಪು ನಂಬರನ್ನು ಹಾಗೇ ಬಿಡುವುದು ಹೇಗೆ? ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದೆ. ಕೆಲಸ ಸರಿಯಾಗಿಯೇ ಆಯಿತು. ಮನೆ ಮಾತ್ರ ಮತ್ತೆ ಮೊದಲಿನಂತಾಯಿತು. ಅವರು ಫೋನಿನ ಧೂಳು ಒರೆಸುವರು. ರಿಸೀವರ್ ಎತ್ತಿ, ಲೈನು ಇದೆಯೇ ಎಂದು ಕಿವಿಗೆ ಹಿಡಿದು ನೋಡಿ, ಮೆಲ್ಲಗೆ ಇಡುವರು. ನಾನು ಅಡುಗೆಮನೆಯಿಂದ ನೋಡಿಯೂ ನೋಡದವಳ ಹಾಗೆ ಇದ್ದೆ. ಇಲ್ಲಿ ಕೌಂಟರಿನಲ್ಲಿ ಜನ, ಮೊದಲಿನವರು ಎಲ್ಲಿ ಎಂದು ಕೇಳತೊಡಗಿದರು. ನರ್ಸಮ್ಮ, “ಅವರಿಗೆ ಹುಷಾರಿಲ್ವಾ?” ಎಂದರು. ನಾನು ಅವರ ಪುಸ್ತಕಕ್ಕೆ ಮೊಹರು ಒತ್ತಿ ಕೊಟ್ಟೆ.

ಒಂದು ಮಧ್ಯಾಹ್ನ ಮಕ್ಕಳ ವಿಭಾಗದ ಬಾಗಿಲ ಹಿಂದೆ ಕೀಳಲು ಮರೆತಿದ್ದ ಹಳೆಯ ಕೋಡೊಂದು ಕಣ್ಣಿಗೆ ಬಿತ್ತು. ಕೀಳಲೆಂದೇ ಉಗುರು ಹಾಕಿದೆ. ಏನನ್ನಿಸಿತೋ, ಮೊಬೈಲು ತೆಗೆದು ಸ್ಕ್ಯಾನ್ ಮಾಡಿ ನಂಬರು ಒತ್ತಿದೆ. ನಮ್ಮ ಮನೆಯದು ಹಳೆಯ ಫೋನು, ಯಾರು ಕರೆದರೆಂದು ತೋರಿಸುವುದಿಲ್ಲ. ಒಂದು ಸಲ ಹೊಡೆದುಕೊಳ್ಳುವುದರೊಳಗೆ ಎತ್ತಿದರು.

“ಗ್ರಂಥಾಲಯ, ಹೇಳಿ.”

ನಾನು ಬಾಗಿಲ ಹಿಂದೆ ಇನ್ನಷ್ಟು ಸರಿದು ನಿಂತೆ.

“ಹೇಳಿ, ಅವಸರ ಇಲ್ಲ.”

ದನಿ ಬದಲಾಯಿಸಿ ಕೇಳಿದೆ: “ಮನೇಲಿ ಒಬ್ಬರು ಮಾತಾಡೋದು ಬಿಟ್ಟಿದಾರೆ. ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ. ಅದಕ್ಕೆ ಯಾವುದಾದರೂ ಪುಸ್ತಕ ಇದೆಯಾ?”

ಆ ಕಡೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

“ಪುಸ್ತಕ ಇದೆಯೋ ಇಲ್ಲವೋ ತಿಳಿಯದು,” ಎಂದರು. “ಅವರಿಗೆ ಮುಖ ನೋಡ್ತಾ ಮಾತಾಡಿ ಅಭ್ಯಾಸ ತಪ್ಪಿದೆ ಅಂತ ಕಾಣುತ್ತೆ. ನೀನು ಹೇಳ್ತಾ ಇರು. ಕೇಳಿಸ್ಕೋತಾರೆ.”

ನೀವು ಅಲ್ಲ, ನೀನು. ಹಾಗಾದರೆ ಗೊತ್ತಾಗಿತ್ತೇ? ಮೊದಲಿನಿಂದಲೇ ಗೊತ್ತಿತ್ತೇ? ಸಂಜೆ ಮನೆಗೆ ಓಡಿದೆ. ಎಂದಿನಂತೆ ಬಾಗಿಲು ತೆಗೆದರು, ಎಂದಿನಂತೆ ಸುಮ್ಮನಿದ್ದರು. ನಾನು ಊಟಕ್ಕೆ ಕುಳಿತು ಫ್ಯಾನಿನ ಸುದ್ದಿ ಹೇಳಿದೆ.

ಆಮೇಲೆ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಧ್ಯಕ್ಷರು ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡು, ಹಳೆಯದನ್ನೂ ಹೊಸದರ ಕೆಳಗೆ ಅಂಟಿಸಿ, ಯಾರಿಗೆ ಯಾವುದು ಬೇಕೋ ಅದನ್ನು ಸ್ಕ್ಯಾನ್ ಮಾಡಲಿ ಎಂದರು. ಇವತ್ತಿಗೂ ಎರಡೂ ಇವೆ. ಕೆಳಗಿನದೇ ಹೆಚ್ಚು ಸವೆದಿದೆ. ನಾನು ದಿನವೂ ಮಧ್ಯಾಹ್ನ ಬಾಗಿಲ ಹಿಂದೆ ನಿಂತು ಮನೆಗೆ ಫೋನ್ ಮಾಡುತ್ತೇನೆ, ಗಂಡನ ಜೊತೆ ಮಾತಾಡುತ್ತೇನೆ. ಸಂಜೆ ಮನೆಗೆ ಹೋಗುತ್ತೇನೆ, ನಾನು ಹೇಳುತ್ತೇನೆ, ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಇದು ಗೆದ್ದ ಸಂಸಾರವೋ ಸೋತ ಸಂಸಾರವೋ, ದಯವಿಟ್ಟು ನನ್ನನ್ನು ಕೇಳಬೇಡಿ. ಈ ಫಲಕವನ್ನು ಮನೆಯಲ್ಲಿ ಯಾರ ಕಡೆಗೆ ಮುಖ ಮಾಡಿ ಇಡಬೇಕೆಂಬುದೂ ನನಗೆ ತಿಳಿಯುತ್ತಿಲ್ಲ.

ಈ ಸಮಾರಂಭಕ್ಕೆ ಬನ್ನಿ ಎಂದು ಅವರನ್ನು ಕರೆದೆ. ತಲೆಯಾಡಿಸಿದರು, ಬರುವುದಿಲ್ಲ ಎಂದು. ಇವತ್ತು ಮಧ್ಯಾಹ್ನ ಫೋನಿನಲ್ಲಿ, ಸಭೆಯಲ್ಲಿ ಹೇಗೆ ಮಾತಾಡಲಿ, ನನಗೆ ಅಭ್ಯಾಸವಿಲ್ಲ ಎಂದೆ. “ಮೈಕಿಗೆ ತೀರಾ ಹತ್ತಿರ ಹೋಗಬೇಡ,” ಎಂದರು. “ಮುಖ್ಯವಾದದ್ದನ್ನ ಎರಡು ಸಲ ಹೇಳು. ಮೊದಲನೇ ಸಲ ಯಾರೂ ಕೇಳಿಸ್ಕೊಂಡಿರಲ್ಲ.”

ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತು ಕೇಳಿದ ನಿಮಗೂ, ಈ ಹೊತ್ತಿನಲ್ಲಿ ಮನೆಯ ಫೋನಿನ ಪಕ್ಕ ಕುಳಿತಿರುವವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.

ನಮಸ್ಕಾರ.