ಬಾಗಿಲು ಹಾಕಿದ ಕೆಲಸ

ಕಿಟಕಿ ಕಿತ್ತು ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದ್ರೆ, ಯಾಕೆ ತೆಗೀಬೇಕು ಅಂತ ನನ್ನನ್ನೇ ಕೇಳ್ತೀಯಲ್ಲ ಮೇಸ್ತ್ರಿ. ಕರೆದು ಕೆಲಸ ಕೊಟ್ರೆ ಕಾರಣ ಕೇಳೋ ಮೇಸ್ತ್ರಿನ ಇವತ್ತೇ ನೋಡಿದ್ದು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕು, ಹತ್ರ ಬಾ. ಈ ಸರಳು, ಈ ಚೌಕಟ್ಟು, ಎಲ್ಲ ಸಮೇತ ಕಿತ್ತು ಹೊರಗಿಡು. ಸುತ್ತ ಗೋಡೆ ಸ್ವಲ್ಪ ಒಡೆದ್ರೂ ಚಿಂತೆಯಿಲ್ಲ. ಒಬ್ಬ ಮನುಷ್ಯ ನುಸುಳೋ ಅಷ್ಟು ಜಾಗ ಆದ್ರೆ ಸಾಕು.

ಯಾವ ಮನುಷ್ಯ ಅಂದ್ರೆ... ಯಾವನೋ ಒಬ್ಬ. ಅಳತೆಗೆ ಹೇಳಿದೆ ಅಷ್ಟೆ.

ಒಳಗೆ ಬಂದು ನೋಡ್ತೀಯಾ? ಬೇಡ, ಅಲ್ಲೇ ನಿಂತ್ಕೋ. ಚಪ್ಪಲಿ ಬಿಡೋದು, ಮತ್ತೆ ಮೆಟ್ಟೋದು, ಯಾಕೆ ಸುಮ್ನೆ. ಇದು ಸಾಮಾನಿನ ಕೋಣೆ. ಡಬ್ಬಿ, ಗೋಣಿಚೀಲ, ಹಳೇ ಹಾಸಿಗೆ. ನೋಡೋಕೇನಿದೆ? ಚಹಾ ಕೊಡೋಣ ಅಂದ್ರೆ ಅಡಿಗೆಮನೆ ಸ್ವಲ್ಪ... ದೂರ. ಬೇಕಾದ್ರೆ ಕಡಲೆಬೀಜ ಇದೆ, ಸರಳಿನ ಸಂದೀಲಿ ಕೈ ಹಾಕು. ನಾನು ನಿನ್ನೆ ರಾತ್ರಿಯಿಂದ ಅದನ್ನೇ ತಿಂತಿದೀನಿ. ರುಚಿಯಾಗಿದೆ ಅಂತ ತಿಂತಿದೀನಪ್ಪ, ಬೇರೆ ಗತಿಯಿಲ್ಲದೆ ಅಲ್ಲ.

ನಗಬೇಡ. ಹೋದ ತಿಂಗಳು ನಮ್ಮ ಮನೆಯವಳು ನಿನ್ನನ್ನ ಕರೆಸಿದಾಗ ನೀನೇನಂದೆ? "ತಾತ, ಬಾಗಿಲು ಹಾಕೋಕೆ ವಾರ ಹಿಡಿಯುತ್ತೆ. ಕೆಲಸ ಚೆನ್ನಾಗಿ ಬರ್ಬೇಕು ಅಂದ್ರೆ ಆತುರ ಮಾಡಬಾರ್ದು" ಅಂದೆ. ವಾರವಂತೆ! ನಾನು ಒಂದು ಗೋದಾಮಿಗೆ ಗೋಡೆ ಕಟ್ಟಿದ್ದೆ, ಕೇಳಿಲ್ವಾ? ಲಾರಿ ಬಂದು ಗುದ್ದಿತು. ಗೋಡೆಗೆ ಗೀರು ಬಿದ್ದಿಲ್ಲ, ಲಾರಿ ಮಡಚಿಕೊಂಡು ಟ್ರಂಕಿನ ಹಾಗೆ ಆಯ್ತು. ಡ್ರೈವರ್ ಅದನ್ನ ತಲೆ ಮೇಲೆ ಹೊತ್ಕೊಂಡು ಹೋದ. ಇನ್ನೊಂದು ಗೋಡೆಗೆ ಎಂಥಾ ನುಣುಪು ಕೊಟ್ಟಿದ್ದೆ ಅಂದ್ರೆ, ಹತ್ತೋಕೆ ಬಂದ ಹಲ್ಲಿಗಳೆಲ್ಲ ಜಾರಿ ಜಾರಿ ಕೆಳಗೆ ಬಿದ್ದು, ಕೊನೆಗೆ ಮನೆ ಯಜಮಾನ ಅವಕ್ಕೆ ಅಂತ ಏಣಿ ಇಟ್ಟ. ಸಣ್ಣ ಏಣಿ. ಹಲ್ಲಿಗೆ ದೊಡ್ಡ ಏಣಿ ಯಾರು ಇಡ್ತಾರೆ?

ಕಿಟಕಿ ನೋಡು ಅಂದ್ರೆ ನನ್ನ ಬೆನ್ನ ಹಿಂದೆ ಏನು ನೋಡ್ತೀಯ?

ಗೋಡೆ. ಹೂಂ, ಗೋಡೇನೇ. ನಾನೇ ಕಟ್ಟಿದ್ದು. ಮೊದ್ಲು ಅಲ್ಲಿ ಅಡಿಗೆಮನೆಗೆ ಹೋಗೋ ದಾರಿ ಇತ್ತು, ಈ ಕೋಣೆಗೆ ಅದೊಂದೇ ದಾರಿ, ನಿಂಗೆ ನೆನಪಿದೆ. ಬರೀ ಪರದೆ ನೇತಾಡ್ತಿತ್ತು, ಒಗ್ಗರಣೆ ಹೊಗೆಯೆಲ್ಲ ಈ ಕಡೆ ನುಗ್ಗೋದು. ಅವಳು ತಂಗಿ ಮನೆಗೆ ಹೊರಟಾಗ ಹೊಸ್ತಿಲಲ್ಲಿ ನಿಂತು ಹೇಳಿದ್ಲು, "ನಾನು ಬರೋ ಹೊತ್ತಿಗೆ ಅದಕ್ಕೊಂದು ಬಾಗಿಲು ಹಾಕಿಬಿಡಿ" ಅಂತ. ಹಾಕಿದೆ.

ಹಲಗೆ ಬಾಗಿಲು ಅಂತ ಅವಳು ಹೇಳಿದ್ಲಾ? ನೀನು ಪಕ್ಕದಲ್ಲಿ ನಿಂತು ಕೇಳಿಸ್ಕೊಂಡ್ಯಾ? ಅಂಗಡಿಯವನು ಬಾಗಿಲು ಹಾಕಿದ ಅಂದ್ರೆ ಏನರ್ಥ? ಮುಚ್ಚಿದ ಅಂತ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ, ಒಂದು ಮಾತಿಗೆ ಎರಡೆರಡು ಅರ್ಥ ಇಟ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಮುಚ್ಚು ಅಂದ್ಲು, ಮುಚ್ಚಿದೆ. ಪರದೆ ಕಟ್ಟಿ ಮುಚ್ಚೋದು ಸೋಮಾರಿ ಕೆಲಸ. ಇಟ್ಟಿಗೆಲಿ ಮುಚ್ಚಿದೆ.

ಒಳಗೆ ನಿಂತು ಯಾಕೆ ಕಟ್ಟಿದೆ ಅಂತೀಯಾ? ಇದ್ದಬದ್ದ ಇಟ್ಟಿಗೆ, ಮರಳು, ಸಿಮೆಂಟು ಎಲ್ಲ ಈ ಕೋಣೆಲೇ ಇತ್ತು. ಕಿಟಕಿ ಬೆಳಕೂ ಇಲ್ಲೇ. ಸಾಲು ಮೇಲೆ ಸಾಲು ಏರ್ತಾ ಇದ್ರೆ ಯಾವ ಕಡೆ ನಿಂತಿದೀನಿ ಅಂತ ಯಾರಿಗೆ ನೆನಪಿರುತ್ತೆ? ಮೇಲಿನ ಸಾಲು ಕೂರಿಸಿ, ಗಾರೆ ಬಳಿದು, ಕೈ ತೊಳೆಯೋಣ ಅಂತ ತಿರುಗಿದೆ... ನಲ್ಲಿ ಆ ಕಡೆ.

ಆಯ್ತು, ನಕ್ಕುಬಿಡು. ನಕ್ಕಾದ್ಮೇಲೆ ಉಳಿ ತೆಗಿ. ಮಧ್ಯಾಹ್ನದ ಬಸ್ಸಿಗೆ ಅವಳು ಬರ್ತಾಳೆ. ಅಷ್ಟರಲ್ಲಿ ನಾನು ಮುಂಬಾಗಿಲಲ್ಲಿ ಶರ್ಟು ಹಾಕ್ಕೊಂಡು ನಿಂತಿರ್ಬೇಕು, "ಬಾ, ಒಂದು ವಸ್ತು ತೋರಿಸ್ತೀನಿ" ಅಂತ ಕರ್ಕೊಂಡು ಬರ್ಬೇಕು.

ಉಳಿ ತೆಗೆಯೋದು ಬಿಟ್ಟು ಮತ್ತೆ ಆ ಗೋಡೆನೇ ಯಾಕೆ ನೋಡ್ತೀಯ?

ಗೊತ್ತಾಯ್ತು. ಹಸಿ ಗೋಡೆ ಅಂತ ತಾನೆ? ನಿನ್ನೆ ಸಂಜೆ ಮುಗಿಸಿದ್ದು, ಹಸಿನೇ ಇರುತ್ತೆ. ಕಲ್ಲಿನಂಥ ಹಳೇ ಗೋಡೆ ಒಡೆದು ಕಿಟಕಿ ಕೀಳೋ ಬದಲು, ಇದಕ್ಕೆ ಭುಜ ಕೊಟ್ಟು ತಳ್ಳಿದ್ರೆ ಆಯ್ತಲ್ಲ ಅಂತ ತಾನೆ?

ತಲೆ ಆಡಿಸ್ತೀಯಲ್ಲ.

ಬೆಳಗ್ಗೆ ಕೈ ಇಟ್ಟೆ ಕಣಪ್ಪ. ಸ್ವಲ್ಪ ಅಲುಗಿತು. ಕೈ ಹಿಂದಕ್ಕೆ ತಗೊಂಡೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದೀನಿ, ಮೇಲಿಂದ ಕೆಳಗಿನವರೆಗೆ ಒಂದೆಳೆ ಆಚೀಚೆ ಇಲ್ಲ. ನೀನೇ ನೋಡು, ಅಲ್ಲಿಂದ ಕಾಣುತ್ತೆ. ಎಲ್ಲಾದ್ರೂ ಸೊಟ್ಟ ಇದ್ಯಾ?

ಹಾಗೆ ನೋಡಬೇಡ. ಹೌದು, ಇದಕ್ಕೆ ಮೊದ್ಲು ನಾನು ಗೋಡೆ ಕಟ್ಟಿದ್ದಿಲ್ಲ, ಬರೀ ಹೊತ್ತಿದ್ದು. ವಯಸ್ಸಿದ್ದಾಗೆಲ್ಲ ಬೇರೆಯವರ ಗೋಡೆಗೆ ಮರಳು ಹೊತ್ತೆ, ಗಾರೆ ಕಲೆಸಿ ಕಲೆಸಿ ಕೊಟ್ಟೆ. ಗಾರೆ ಬಳಿಯೋ ಕರಣಿನ ಯಾರೂ ನನ್ನ ಕೈಗೆ ಕೊಡ್ಲಿಲ್ಲ. "ನಿಂಗ್ಯಾಕೆ, ಬಾಂಡ್ಲಿ ತಗೊಂಬಾ" ಅನ್ನೋರು. ಅವಳಿಗೆ ಗೊತ್ತು. ನಾನು ಊರವರ ಮುಂದೆ ಲಾರಿ ಮಡಚಿದಾಗೆಲ್ಲ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಿರ್ತಾಳೆ, ಒಂದು ದಿನಾನೂ ತಲೆ ಎತ್ತಿ "ಸುಳ್ಳು" ಅಂದಿಲ್ಲ.

ಈ ಗೋಡೆನ ಅವಳು ಒಂದು ಸಲ ನೋಡ್ಲಿ. ಆಮೇಲೆ ಅಡಿಗೆಮನೆಗೆ ದಾರಿ ಬೇಕು ಅಂದ್ರೆ ಅವಳೇ ತಳ್ಳಲಿ, ನಾನು ಬೇಡ ಅನ್ನಲ್ಲ.

ಹಾಂ, ಅಲ್ಲಿಂದ ಶುರು ಮಾಡು, ಕಿಟಕಿಯ ಕೆಳಗಿನ ಮೂಲೆಯಿಂದ. ಉಳಿ ಓರೆ ಹಿಡಿ.

ಮೆಲ್ಲಗೆ, ಮೇಸ್ತ್ರಿ, ಮೆಲ್ಲಗೆ ಹೊಡಿ. ಈ ಕಡೆ ನನ್ನ ಗೋಡೆ ಅದುರುತ್ತೆ.